ಬಂಧುಗಳು ನಡೆಸುವ ಬಹುಹಂತದ ಮಾರಾಟವು ನಿಷೇಧಿತ ಪಿರಮಿಡ್ ಯೋಜನೆಯೇ? ಗುರುತಿಸುವ ಕ್ರಮ ಮತ್ತು ದೂರು ಸಲ್ಲಿಸುವ ವಿಧಾನ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಸಾಬೂನು, ಪೌಷ್ಟಿಕ ಪುಡಿ, ನೀರು ಶುದ್ಧೀಕರಿಸುವ ಯಂತ್ರ, ಬಟ್ಟೆ, ತರಬೇತಿ ಪಾಠ ಮೊದಲಾದವುಗಳನ್ನು ಅಂಗಡಿಯ ಮೂಲಕವಲ್ಲದೆ ವ್ಯಕ್ತಿಯಿಂದ ವ್ಯಕ್ತಿಗೆ ಮಾರುವ ಪದ್ಧತಿಗೆ ನೇರ ಮಾರಾಟವೆಂದು ಹೆಸರು. ಮಾರುವವರು ತಮ್ಮ ಕೆಳಗೆ ಬೇರೆ ಮಾರಾಟಗಾರರನ್ನು ಸೇರಿಸಿ, ಅವರ ವ್ಯಾಪಾರದ ಮೇಲೂ ಕಮಿಷನ್ ಪಡೆಯುವ ವ್ಯವಸ್ಥೆಯನ್ನು ಬಹುಹಂತದ ಮಾರಾಟ, ಎಂ.ಎಲ್.ಎಂ. ಅಥವಾ ನೆಟ್‌ವರ್ಕ್ ಮಾರ್ಕೆಟಿಂಗ್ ಎನ್ನುತ್ತಾರೆ. ಜನರ ಬಾಯಲ್ಲಿ ಇದು ‘ಚೈನ್ ಸಿಸ್ಟಮ್’. ನಿಯಮಗಳಿಗೆ ಒಳಪಟ್ಟ ನೇರ ಮಾರಾಟಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಸರಕನ್ನು ನೆಪವಾಗಿಟ್ಟುಕೊಂಡು, ಹೊಸದಾಗಿ ಸೇರುವವರ ಹಣವನ್ನು ಮೊದಲು ಸೇರಿದವರಿಗೆ ಹಂಚುವ ಪಿರಮಿಡ್ ಯೋಜನೆಯು ನಿಷೇಧಿತವಾಗಿದ್ದು, ಹಣ ಪರಿಚಲನಾ ಯೋಜನೆಯ ಸ್ವರೂಪದಲ್ಲಿದ್ದರೆ ಶಿಕ್ಷಾರ್ಹ ಅಪರಾಧವೂ ಆಗಿರುತ್ತದೆ.

ಇಂತಹ ಯೋಜನೆಯ ಆಹ್ವಾನವು ಸಾಮಾನ್ಯವಾಗಿ ಪರಿಚಿತರ ಮೂಲಕವೇ ಮನೆಗೆ ಬರುತ್ತದೆ. ಭಾವಮೈದುನ, ಅತ್ತಿಗೆ, ದೊಡ್ಡಪ್ಪನ ಮಗ, ಸ್ವಸಹಾಯ ಸಂಘದ ಜೊತೆ ಸದಸ್ಯೆ ಅಥವಾ ಕಾರ್ಖಾನೆಯ ಸಹೋದ್ಯೋಗಿ ಬಂದು ಕೇಳಿದಾಗ, ದಾಕ್ಷಿಣ್ಯದಿಂದ ಕಾಗದಪತ್ರ ನೋಡದೆಯೇ ಹಣ ಕೊಡುವವರಿದ್ದಾರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಹಾಲಿನ ಬಟವಾಡೆ, ಟೊಮೆಟೊ ಅಥವಾ ಮಾವಿನ ಫಸಲು ಮಾರಿದ ಹಣ, ರೇಷ್ಮೆಗೂಡಿನ ಹಣ, ನರಸಾಪುರ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳ ಸಂಬಳ ಇವೇ ಬಹುತೇಕ ಕುಟುಂಬಗಳ ದುಡಿಮೆ. ಒಡವೆ ಅಡವಿಟ್ಟು ಅಥವಾ ಸಂಘದ ಸಾಲ ಪಡೆದು ಯೋಜನೆಗೆ ಸೇರಿದಲ್ಲಿ, ಹಣ ಮರಳದಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ.

ಸೇರುವ ಮೊದಲು ಅಥವಾ ಬಂಧುಗಳು ಈಗಾಗಲೇ ಸೇರಿದ್ದಲ್ಲಿ, ಆ ವ್ಯವಹಾರವು ಯಾವ ಬಗೆಯದೆಂದು ಕುಟುಂಬದವರೇ ಪರಿಶೀಲಿಸಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

2. ಕೇಳಬೇಕಾದ ಮುಖ್ಯ ಪ್ರಶ್ನೆ

ಯೋಜನೆಯ ಹೆಸರು, ಸಭೆಯ ಅದ್ದೂರಿ, ಮೇಲಿನ ಹಂತದವರ ಕಾರು ಇವು ಯಾವುದೂ ಅದರ ಸ್ವರೂಪವನ್ನು ತಿಳಿಸುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಹಂಚಲಾಗುತ್ತಿರುವ ಹಣ ಎಲ್ಲಿಂದ ಬರುತ್ತಿದೆ?

ಯೋಜನೆಗೆ ಸೇರದ, ಆ ಸರಕು ತಮಗೆ ಬೇಕೆಂದು ಕೊಳ್ಳುವ ಹೊರಗಿನ ಗ್ರಾಹಕರಿಂದ ಹಣ ಬರುತ್ತಿದ್ದರೆ ಅದು ವ್ಯಾಪಾರ. ಸೇರುವವರು ಕಟ್ಟುವ ಶುಲ್ಕದಿಂದ, ಅಥವಾ ಸದಸ್ಯರಾಗಿ ಉಳಿಯಲೆಂದೇ ಅವರು ಕೊಳ್ಳುವ ಸರಕಿನಿಂದ ಹಣ ಬರುತ್ತಿದ್ದರೆ ಅದು ಪಿರಮಿಡ್. ಎರಡನೆಯದರಲ್ಲಿ ಸರಕು ಕೈಬದಲಾಗುತ್ತಿದ್ದರೂ ಅದು ಪ್ರವೇಶ ಶುಲ್ಕದ ರಶೀದಿ ಇದ್ದಂತೆ ಮಾತ್ರ. ಮುಂದಿನ ಕಂಡಿಕೆಗಳಲ್ಲಿ ಹೇಳಿರುವ ಎಲ್ಲ ಲಕ್ಷಣಗಳೂ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳೇ ಆಗಿವೆ.

3. ಕಾನೂನು ಏನು ಹೇಳುತ್ತದೆ

(ಅ) ಬಹುಮಾನ ಚೀಟಿ ಮತ್ತು ಹಣ ಪರಿಚಲನಾ ಯೋಜನೆಗಳ (ನಿಷೇಧ) ಅಧಿನಿಯಮ, 1978: ಸದಸ್ಯರನ್ನು ಸೇರಿಸುವುದಕ್ಕೆ ಸಂಬಂಧಿಸಿದ ಯಾವುದೇ ಘಟನೆಯನ್ನು ಅವಲಂಬಿಸಿ ಶೀಘ್ರ ಅಥವಾ ಸುಲಭ ಹಣ ದೊರಕಿಸುವ ಯೋಜನೆಯು, ಅದರ ಹೆಸರು ಏನೇ ಇರಲಿ, ಹಣ ಪರಿಚಲನಾ ಯೋಜನೆಯಾಗುತ್ತದೆ. ಇದರ 3ನೇ ಪ್ರಕರಣವು ಇಂತಹ ಯೋಜನೆಯನ್ನು ನಡೆಸುವುದನ್ನು ಮಾತ್ರವಲ್ಲದೆ, ಸದಸ್ಯರಾಗಿ ಸೇರುವುದು, ಬೇರೆ ರೀತಿಯಲ್ಲಿ ಭಾಗವಹಿಸುವುದು, ಅದಕ್ಕಾಗಿ ಹಣ ಪಡೆಯುವುದು ಅಥವಾ ಕಳುಹಿಸುವುದನ್ನೂ ನಿಷೇಧಿಸುತ್ತದೆ. 4ನೇ ಪ್ರಕರಣದ ಪ್ರಕಾರ ಮೂರು ವರ್ಷಗಳವರೆಗೆ ಕಾರಾವಾಸ ಅಥವಾ ಐದು ಸಾವಿರ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

(ಆ) ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು, 2021: ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಇವು 2021ರ ಡಿಸೆಂಬರ್ 28ರಂದು ಪ್ರಕಟವಾದವು. ಒಬ್ಬರು ಮತ್ತೊಬ್ಬರನ್ನು ಸೇರಿಸಿ, ಹಾಗೆ ಸೇರಿದವರ ಸೇರ್ಪಡೆ ಅಥವಾ ಅವರ ಚಟುವಟಿಕೆಯಿಂದ ಲಾಭ ಪಡೆಯುವ, ಸೇರಿಸಿದವರು ಮೇಲೆಯೂ ಸೇರಿದವರು ಕೆಳಗೂ ಇರುವ ಹಲವು ಪದರಗಳ ಜಾಲವನ್ನು ಈ ನಿಯಮಗಳು ಪಿರಮಿಡ್ ಯೋಜನೆ ಎಂದು ವಿವರಿಸುತ್ತವೆ. ನೇರ ಮಾರಾಟದ ಸೋಗಿನಲ್ಲಿ ಇಂತಹ ಯೋಜನೆಯನ್ನು ಪ್ರಚಾರ ಮಾಡುವುದು ಮತ್ತು ಅದಕ್ಕೆ ಜನರನ್ನು ಸೇರಿಸುವುದು ಸಂಸ್ಥೆಗೂ ನೇರ ಮಾರಾಟಗಾರರಿಗೂ ನಿಷಿದ್ಧ.

(ಇ) ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಅಧಿನಿಯಮ, 2019: 1978ರ ಅಧಿನಿಯಮದಡಿ ನಿಷೇಧಿತವಾದ ಹಣ ಪರಿಚಲನಾ ಯೋಜನೆಯನ್ನು ಈ ಕಾನೂನು ಅನಿಯಂತ್ರಿತ ಠೇವಣಿ ಯೋಜನೆಯೆಂದೇ ಪರಿಗಣಿಸುತ್ತದೆ. ಸುಳ್ಳು ಅಥವಾ ದಾರಿತಪ್ಪಿಸುವ ಭರವಸೆಯೆಂದು ತಿಳಿದೂ ಅದನ್ನು ಕೊಟ್ಟು ಬೇರೆಯವರನ್ನು ಸೇರಿಸಿದರೆ ಒಂದರಿಂದ ಐದು ವರ್ಷಗಳವರೆಗೆ ಕಾರಾವಾಸ ಮತ್ತು ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಸಾರ್ವಜನಿಕರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಪಿರಮಿಡ್ ಯೋಜನೆಯಲ್ಲಿ ಮೋಸ ಹೋದವರಿಗೂ ಮೋಸ ಮಾಡಿದವರಿಗೂ ನಡುವಿನ ಗೆರೆ ಬಹಳ ತೆಳುವಾದುದು. ಇಂದು ಹಣ ಕಟ್ಟಿದವರು ಅದನ್ನು ಮರಳಿ ಪಡೆಯಲೆಂದು ನಾಳೆ ತಂಗಿಯನ್ನೋ ನೆರೆಮನೆಯವರನ್ನೋ ಸೇರಿಸುತ್ತಾರೆ. ಆಗ ದೂರಿನಲ್ಲಿ ಅವರ ಹೆಸರೂ ಬರುವ ಸಂಭವವಿದೆ. ಆದುದರಿಂದ ಬಂಧುಗಳನ್ನು ಬೇಗನೆ ಎಚ್ಚರಿಸುವುದರಿಂದ ಅವರ ಹಣದ ಜೊತೆಗೆ ಅವರೂ ಉಳಿಯುತ್ತಾರೆ.

4. ಈ ಲೆಕ್ಕ ಏಕೆ ನಿಲ್ಲುವುದಿಲ್ಲ

“ನೀವು ಆರು ಜನರನ್ನು ಸೇರಿಸಿದರೆ ಸಾಕು, ಅವರು ತಲಾ ಆರು ಜನರನ್ನು ಸೇರಿಸುತ್ತಾರೆ” ಎಂಬ ಮಾತು ಕೇಳಲು ಸುಲಭ. ಕಾಗದದ ಮೇಲೆ ಬರೆದು ನೋಡಿದರೆ ಮೊದಲನೆಯ ವ್ಯಕ್ತಿಯ ಕೆಳಗೆ ಕ್ರಮವಾಗಿ 6, 36, 216, 1,296, 7,776, 46,656 ಮತ್ತು 2,79,936 ಜನರಾಗುತ್ತಾರೆ. ಇದು ಏಳನೆಯ ಹಂತ. ಎಂಟನೆಯ ಹಂತಕ್ಕೆ 16,79,616 ಜನರು ಬೇಕು. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಒಟ್ಟು ಜನಸಂಖ್ಯೆ 15,36,401. ಅಂದರೆ ತೊಟ್ಟಿಲ ಮಗುವಿನಿಂದ ಹಿರಿಯರವರೆಗೆ ಜಿಲ್ಲೆಯ ಎಲ್ಲರೂ ಸೇರಿದರೂ ಎಂಟನೆಯ ಹಂತ ತುಂಬುವುದಿಲ್ಲ.

ಏಳನೆಯ ಹಂತದವರೆಗಿನ ಒಟ್ಟು ಸದಸ್ಯರು 3,35,923. ಇವರಲ್ಲಿ ಕೊನೆಯ ಸಾಲಿನ 2,79,936 ಜನರ ಕೆಳಗೆ ಯಾರೂ ಇಲ್ಲ. ನೂರಕ್ಕೆ 83 ಮಂದಿ ಹಣ ಕಟ್ಟಿ, ಏನನ್ನೂ ಪಡೆಯದೆ ಕಾಯುತ್ತಿರುತ್ತಾರೆ. ಅವರು ಸೋಮಾರಿಗಳಾದುದರಿಂದ ಹೀಗಾಗಿದೆ ಎನ್ನುವಂತಿಲ್ಲ. ಯೋಜನೆಯ ರಚನೆಯೇ ಹಾಗಿದೆ.

‘ಎಡಗಡೆ ಒಬ್ಬರು, ಬಲಗಡೆ ಒಬ್ಬರು’ ಎಂಬ ಎರಡರ ಪದ್ಧತಿಯಲ್ಲಿ ಏರಿಕೆ ನಿಧಾನವಾಗಿ ಕಾಣುತ್ತದೆ. ಆದರೂ ಇಪ್ಪತ್ತನೆಯ ಹಂತ ಪೂರ್ಣವಾಗಬೇಕಾದರೆ ಒಟ್ಟು 20,97,151 ಜನರು ಬೇಕಾಗುತ್ತಾರೆ. ಈ ಪದ್ಧತಿಯಲ್ಲಿಯೂ ಯಾವ ಹಂತದಲ್ಲಿ ನಿಂತರೂ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಮಂದಿ ಕೊನೆಯ ಸಾಲಿನಲ್ಲಿಯೇ ಇರುತ್ತಾರೆ.

5. ಗುರುತಿಸುವ ಲಕ್ಷಣಗಳು

ಕೆಳಕಂಡ ಅಂಶಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

(1) ಸೇರುವಾಗ ಶುಲ್ಕ: ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2016ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನ್ಯಾಯಬದ್ಧ ನೇರ ಮಾರಾಟದಲ್ಲಿ ಪ್ರವೇಶ ಶುಲ್ಕವಾಗಲಿ ನೋಂದಣಿ ಶುಲ್ಕವಾಗಲಿ ಇರಕೂಡದು. ‘ಕಿಟ್’, ‘ಪ್ಯಾಕೇಜ್’, ‘ತರಬೇತಿ ಶುಲ್ಕ’ ಎಂಬ ಹೆಸರಿನಲ್ಲಿ ಕೇಳಿದರೂ ಅದು ಶುಲ್ಕವೇ.

(2) ಸೇರಿಸಿದ್ದಕ್ಕೆ ಕಮಿಷನ್: ಸರಕು ಹೊರಗೆ ಮಾರಾಟವಾಗದಿದ್ದರೂ ಒಬ್ಬರನ್ನು ಸೇರಿಸಿದ ಮಾತ್ರಕ್ಕೆ ಹಣ ಬರುವುದಾದರೆ ಅದು ಅತಿ ಸ್ಪಷ್ಟ ಲಕ್ಷಣ.

(3) ಕಡ್ಡಾಯ ಖರೀದಿ: “ಐ.ಡಿ. ಆಕ್ಟಿವ್ ಇರಬೇಕಾದರೆ ತಿಂಗಳಿಗೆ ಇಷ್ಟು ಕೊಳ್ಳಲೇಬೇಕು” ಎಂಬ ಷರತ್ತು. ಸಮಂಜಸ ಅವಧಿಯಲ್ಲಿ ಮಾರಲು ಅಥವಾ ಬಳಸಲು ಆಗುವುದಕ್ಕಿಂತ ಹೆಚ್ಚು ಸರಕನ್ನು ಕೊಳ್ಳುವಂತೆ ಮಾಡಬಾರದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಮಂಚದ ಕೆಳಗೆ ಮಾರಾಟವಾಗದ ಪೆಟ್ಟಿಗೆಗಳು ಸೇರುತ್ತಿದ್ದರೆ ಕುಟುಂಬದವರು ಎಚ್ಚೆತ್ತುಕೊಳ್ಳಬೇಕು.

(4) ಬೆಲೆ: ಇಂತಹುದೇ ಗುಣಮಟ್ಟದ ಸರಕು ಅಂಗಡಿಯಲ್ಲಿ ಎಷ್ಟಕ್ಕೆ ದೊರೆಯುತ್ತದೆಂದು ವಿಚಾರಿಸಿ. ಕಮಿಷನ್ ಆಸೆಯಿಲ್ಲದ ಒಬ್ಬರೂ ಆ ಬೆಲೆಗೆ ಅದನ್ನು ಕೊಳ್ಳುವುದಿಲ್ಲವಾದರೆ, ಹೆಚ್ಚುವರಿ ಬೆಲೆಯು ಮರೆಮಾಚಿದ ಪ್ರವೇಶ ಶುಲ್ಕವಾಗಿರಬಹುದು.

(5) “ಬೇರೆಯವರನ್ನು ಕರೆತಂದರೆ ನಿಮ್ಮ ಹಣ ವಾಪಸ್”: ಹೊಸ ಗ್ರಾಹಕರನ್ನು ಸೂಚಿಸಿದರೆ ಕೊಟ್ಟ ಬೆಲೆಯು ಕಡಿಮೆಯಾಗುತ್ತದೆ ಅಥವಾ ಮರಳಿ ಬರುತ್ತದೆಂದು ಹೇಳಿ ಸರಕು ಮಾರುವುದಕ್ಕೆ 2021ರ ನಿಯಮಗಳಲ್ಲಿ ಅವಕಾಶವಿಲ್ಲ.

(6) ಬರವಣಿಗೆಯ ಕರಾರು ಇಲ್ಲದಿರುವುದು: ನೇರ ಮಾರಾಟಗಾರರು ಸಂಸ್ಥೆಯೊಡನೆ ಮುಂಚಿತವಾಗಿ ಲಿಖಿತ ಕರಾರು ಮಾಡಿಕೊಂಡಿರಬೇಕು. ದಂಡವಿಲ್ಲದೆ ಕರಾರನ್ನು ರದ್ದುಪಡಿಸಬಹುದಾದ ಅವಧಿ ಮತ್ತು ಉಳಿದ ಸರಕನ್ನು ಹಿಂದಕ್ಕೆ ಪಡೆಯುವ ಷರತ್ತುಗಳನ್ನು ಅದರಲ್ಲಿ ಹುಡುಕಿ. ಕರಾರು ಇಂಗ್ಲಿಷಿನಲ್ಲಿದ್ದರೆ ತಿಳಿದವರಿಂದ ಓದಿಸಿಕೊಂಡ ನಂತರವೇ ಸಹಿ ಮಾಡತಕ್ಕದ್ದು.

(7) ಗುರುತಿನ ಚೀಟಿ, ಕಛೇರಿ ಮತ್ತು ಕುಂದುಕೊರತೆ ಅಧಿಕಾರಿ: ಗುರುತಿನ ಚೀಟಿ ಮತ್ತು ಪೂರ್ವಾನುಮತಿ ಇಲ್ಲದೆ ನೇರ ಮಾರಾಟಗಾರರು ಮನೆಗೆ ಬರುವಂತಿಲ್ಲ. ಸಂಸ್ಥೆಗೆ ಭಾರತದಲ್ಲಿ ನೋಂದಾಯಿತ ಕಛೇರಿ ಮತ್ತು ಕುಂದುಕೊರತೆ ಪರಿಹಾರ ಅಧಿಕಾರಿ ಇರಬೇಕು. ಮೊಬೈಲ್ ಆ್ಯಪ್ ಮತ್ತು ವಾಟ್ಸ್‌ಆ್ಯಪ್ ಗುಂಪು ಮಾತ್ರ ಇದ್ದು ವಿಳಾಸವೇ ಇಲ್ಲದ ಸಂಸ್ಥೆಗೆ ಹಣ ಕಳುಹಿಸಬಾರದು.

(8) ಪ್ರಶ್ನೆಗೆ ಉತ್ತರ ಸಿಗದಿರುವುದು: ಸರಕಿನ ಬಗ್ಗೆ ಕೇಳಿದರೆ ಕನಸಿನ ಬಗ್ಗೆ ಮಾತು, ಲೆಕ್ಕ ಕೇಳಿದರೆ “ನೆಗೆಟಿವ್ ಯೋಚನೆ ಬೇಡ” ಎಂಬ ಉತ್ತರ ಬಂದರೆ, ವ್ಯವಹಾರದ ಲೆಕ್ಕ ಹೇಳುವ ಸ್ಥಿತಿಯಲ್ಲಿಲ್ಲ ಎಂದರ್ಥ.

ಇವುಗಳ ಪೈಕಿ ಎರಡನೆಯದು ಕಂಡುಬಂದರೆ ಅದೊಂದೇ ಸಾಕು. ಉಳಿದವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡಲ್ಲಿ ಹಣ ಕಟ್ಟುವುದನ್ನು ತಡೆಹಿಡಿದು ವಿಚಾರಿಸುವುದು ಸೂಕ್ತ.

6. ಮನೆಯಲ್ಲಿಯೇ ಮಾಡಬಹುದಾದ ಲೆಕ್ಕ ಪರಿಶೀಲನೆ

ಬಂಧುಗಳು “ನನಗೆ ಪ್ರತಿ ತಿಂಗಳು ಕಮಿಷನ್ ಬರುತ್ತಿದೆ” ಎಂದು ಬ್ಯಾಂಕಿನ ಸಂದೇಶ ತೋರಿಸಬಹುದು. ಅದು ನಿಜವೂ ಆಗಿರಬಹುದು. ಆದರೆ ಬಂದದ್ದನ್ನು ಮಾತ್ರ ಬರೆದು ಹೋದದ್ದನ್ನು ಬರೆಯದ ಪುಸ್ತಕ ಲೆಕ್ಕವಾಗುವುದಿಲ್ಲ. ಕಳೆದ ಮೂರು ತಿಂಗಳ ವಿವರವನ್ನು ಒಂದು ಹಾಳೆಯ ಎರಡು ಬದಿಗಳಲ್ಲಿ ಬರೆಯಿರಿ. ಉದಾಹರಣೆಗಾಗಿ ಒಂದು ತಿಂಗಳ ಲೆಕ್ಕವನ್ನು ಕೆಳಗೆ ನೀಡಲಾಗಿದೆ.

ಹೋದದ್ದು: ಕಡ್ಡಾಯ ಖರೀದಿ ರೂ. 5,000, ಸಭೆಗಳಿಗೆ ಬೆಂಗಳೂರಿಗೆ ಹೋಗಿ ಬಂದ ಖರ್ಚು ರೂ. 900. ಒಟ್ಟು ರೂ. 5,900.

ಖರೀದಿಸಿದ ಸರಕು ಏನಾಯಿತು: ರೂ. 3,000ದ ಸರಕು ಮನೆ ಬಳಕೆಗೆ. ಅಂತಹುದೇ ಸರಕಿನ ಅಂಗಡಿ ಬೆಲೆ ರೂ. 1,400. ರೂ. 1,000ದ ಸರಕು ನೆರೆಯವರಿಗೆ ರೂ. 1,200ಕ್ಕೆ ಮಾರಾಟ. ಉಳಿದ ರೂ. 1,000ದ ಸರಕು ಮಾರಾಟವಾಗದೆ ಮನೆಯಲ್ಲಿಯೇ ಇದೆ.

ಬಂದದ್ದು: ಹೊರಗಿನ ಮಾರಾಟ ರೂ. 1,200, ಮನೆ ಬಳಕೆಯ ಸರಕಿನ ನಿಜ ಬೆಲೆ ರೂ. 1,400, ಕಮಿಷನ್ ರೂ. 1,500. ಒಟ್ಟು ರೂ. 4,100.

ಕಂಪನಿಯು ಹಿಂದಕ್ಕೆ ಪಡೆಯದಿದ್ದರೆ ಮನೆಯಲ್ಲಿ ಉಳಿದ ಸರಕನ್ನು ಸೊನ್ನೆ ಎಂದೇ ಹಿಡಿಯಬೇಕು. ಆಗ ಕಮಿಷನ್ ರೂ. 1,500 ಬಂದ ತಿಂಗಳಿನಲ್ಲಿಯೇ ಕುಟುಂಬಕ್ಕೆ ರೂ. 1,800 ನಷ್ಟವಾಗಿದೆ. ಸಾಲ ಮಾಡಿದ್ದರೆ ಬಡ್ಡಿಯನ್ನೂ ಸೇರಿಸಬೇಕು.

ಮುಖ್ಯವಾದ ಇನ್ನೊಂದು ಅಂಶವೂ ಈ ಹಾಳೆಯಿಂದ ತಿಳಿಯುತ್ತದೆ. ರೂ. 5,000ದ ಖರೀದಿಯಲ್ಲಿ ಯೋಜನೆಯ ಹೊರಗಿನವರ ಕೈಸೇರಿದ್ದು ಕೇವಲ ರೂ. 1,000ದ ಸರಕು. ಕೆಳಗಿನ ಹಂತದವರ ಲೆಕ್ಕವೂ ಹೀಗೆಯೇ ಇದ್ದರೆ, ರೂ. 1,500 ಕಮಿಷನ್ ಬಹುಪಾಲು ಅವರ ಕಡ್ಡಾಯ ಖರೀದಿಯಿಂದ ಬಂದಿದೆ ಎಂದಾಯಿತು. ಎರಡನೆಯ ಕಂಡಿಕೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ದೊರೆಯುವುದು ಇಲ್ಲಿಯೇ.

7. ನ್ಯಾಯಾಲಯಗಳು ಮತ್ತು ಪ್ರಾಧಿಕಾರಗಳು ನೋಡಿದ ಬಗೆ

ಸಂಚಯಿತಾ ಇನ್‌ವೆಸ್ಟ್‌ಮೆಂಟ್ಸ್‌ಗೆ ಸಂಬಂಧಿಸಿದ ಸ್ವಪನ್ ಕುಮಾರ್ ಗುಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ಹೆಚ್ಚಿನ ಬಡ್ಡಿ ಕೊಡುವುದೊಂದೇ ಹಣ ಪರಿಚಲನಾ ಯೋಜನೆ ಆಗುವುದಿಲ್ಲ. ಸುಲಭ ಹಣವು ಸದಸ್ಯರ ಸೇರ್ಪಡೆಗೆ ಸಂಬಂಧಿಸಿದ ಘಟನೆಯನ್ನು ಅವಲಂಬಿಸಿರಬೇಕು ಎಂದು ವಿವರಿಸಿತು. ಕೇರಳದ ಯೋಜನೆಯೊಂದಕ್ಕೆ ಸಂಬಂಧಿಸಿದ ಕುರಿಯಚ್ಚನ್ ಚಾಕೊ ಪ್ರಕರಣದಲ್ಲಿ 2008ರಲ್ಲಿ, ಹೊಸ ಸದಸ್ಯರು ಸೇರುತ್ತಾ ಹೋದರೆ ಮಾತ್ರ ಹಳೆಯ ಸದಸ್ಯರಿಗೆ ಹಣ ಕೊಡಲು ಸಾಧ್ಯವಾಗುವ ಯೋಜನೆಯು ಮೇಲ್ನೋಟಕ್ಕೆ 1978ರ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆಂದು ಅದೇ ನ್ಯಾಯಾಲಯ ಪರಿಗಣಿಸಿತು.

ಸರಕು ಇದ್ದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ ಎಂಬುದಕ್ಕೆ ಆಮ್ವೇ ಕಂಪನಿಯ ಎರಡು ಪ್ರಕರಣಗಳು ನಿದರ್ಶನ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ ಆ ಕಂಪನಿಯ ಯೋಜನೆಯು ಪಿರಮಿಡ್ ಅಲ್ಲವೆಂದು ತೀರ್ಮಾನಿಸಿತು. ಮಾರಾಟವಾಗದ ಸರಕನ್ನು ಹಿಂದಕ್ಕೆ ಕೊಳ್ಳುವುದು, ಕೊಂಡ ಸರಕಿನಲ್ಲಿ ಶೇಕಡ 70ರಷ್ಟನ್ನು ಮಾರುವುದು, ಪ್ರತಿ ತಿಂಗಳು ಹತ್ತು ಚಿಲ್ಲರೆ ಗ್ರಾಹಕರಿಗೆ ಮಾರುವುದು ಎಂಬ ಮೂರು ಕಟ್ಟುಪಾಡುಗಳನ್ನು ಅದು ಗಣನೆಗೆ ತೆಗೆದುಕೊಂಡಿತು. ಅದೇ ಕಂಪನಿಯ ಭಾರತೀಯ ಸಂಸ್ಥೆಯ ಅರ್ಜಿಯಲ್ಲಿ ಆಂಧ್ರಪ್ರದೇಶ ಉಚ್ಚ ನ್ಯಾಯಾಲಯವು 2007ರ ಜುಲೈನಲ್ಲಿ, ಇಲ್ಲಿನ ಯೋಜನೆಯು ಮೇಲ್ನೋಟಕ್ಕೆ 1978ರ ಅಧಿನಿಯಮಕ್ಕೆ ಒಳಪಡುತ್ತದೆಂದು ಅಭಿಪ್ರಾಯಪಟ್ಟಿತು. ಇದು 2021ರ ನಿಯಮಗಳು ಬರುವ ಮೊದಲಿನ ತೀರ್ಪು. ಕಂಪನಿಯ ಹೆಸರು ದೊಡ್ಡದಿದ್ದ ಮಾತ್ರಕ್ಕೆ ನಿರ್ಣಯ ಮಾಡಲಾಗದು. ಹಣ ಸಾಗುವ ದಾರಿಯನ್ನೇ ನೋಡಬೇಕು ಎಂಬುದನ್ನು ಇವೆರಡೂ ತೋರಿಸುತ್ತವೆ.

2016ರಲ್ಲಿ ಹರ್ಬಲೈಫ್ ಕಂಪನಿಯು ಅಮೆರಿಕದ ಅದೇ ಕಮಿಷನ್ನಿನೊಡನೆ ಮಾಡಿಕೊಂಡ ರಾಜಿಯಲ್ಲಿ 20 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ದೇಶದಲ್ಲಿ ವಿತರಕರಿಗೆ ಕೊಡುವ ಪ್ರತಿಫಲದ ಕನಿಷ್ಠ ಮೂರನೆಯ ಎರಡು ಭಾಗವು ದಾಖಲೆಯಿರುವ ಚಿಲ್ಲರೆ ಮಾರಾಟದಿಂದ ಬಂದಿರಬೇಕೆಂಬ ಷರತ್ತೂ ಅದರಲ್ಲಿತ್ತು. ಹೊರಗಿನ ಗ್ರಾಹಕರಿಗೆ ಮಾಡಿದ ಮಾರಾಟವನ್ನು ಲೆಕ್ಕದಲ್ಲಿ ತೋರಿಸಬೇಕೆಂಬುದೇ ಅಲ್ಲಿಯೂ ಅಳತೆಗೋಲಾಯಿತು.

8. ಸಾಮಾನ್ಯ ತಪ್ಪು ತಿಳಿವಳಿಕೆಗಳು

“ಕಂಪನಿ ಸರ್ಕಾರದಲ್ಲಿ ರಿಜಿಸ್ಟರ್ ಆಗಿದೆ.” ಕಂಪನಿ ನೋಂದಣಿ, ಜಿ.ಎಸ್.ಟಿ. ಸಂಖ್ಯೆ, ಪಾನ್ ಕಾರ್ಡ್ ಇವು ಅನೇಕ ವ್ಯವಹಾರಗಳಿಗೆ ಸಾಮಾನ್ಯವಾಗಿ ಬೇಕಾದವು. ಇವು ಹಣ ಗಳಿಸುವ ಯೋಜನೆಗೆ ಸರ್ಕಾರ ಕೊಟ್ಟ ಒಪ್ಪಿಗೆಯಲ್ಲ. ಕಮಿಷನ್ನಿನ ಮೇಲೆ ಆದಾಯ ತೆರಿಗೆ ಕಡಿತ ಮಾಡಿದ ಮಾತ್ರಕ್ಕೂ ಯೋಜನೆ ಸಕ್ರಮವಾಗುವುದಿಲ್ಲ.

“ಇದೂ ಚೀಟಿ ವ್ಯವಹಾರದಂತೆಯೇ.” ಚೀಟಿ ನಿಧಿ ಅಧಿನಿಯಮ, 1982ರ ಅಡಿಯಲ್ಲಿ ನೋಂದಾಯಿತವಾದ ಚೀಟಿಯಲ್ಲಿ ಸದಸ್ಯರ ಸಂಖ್ಯೆ, ಕಂತು ಮತ್ತು ಅವಧಿ ಮೊದಲೇ ನಿಗದಿಯಾಗಿರುತ್ತವೆ, ಪ್ರತಿಯೊಬ್ಬರಿಗೂ ಒಂದು ಸರದಿ ಖಚಿತ. ಪಿರಮಿಡ್ ಯೋಜನೆಯಲ್ಲಿ ಸದಸ್ಯರ ಸಂಖ್ಯೆಗೆ ಮಿತಿಯಿಲ್ಲ. ಕೊನೆಯವರಿಗೆ ಸರದಿಯೂ ಇಲ್ಲ. ಬಹುಮಾನ ಚೀಟಿಯು ಬೇರೆಯೇ ಆಗಿದ್ದು ಅದು 1978ರ ಅಧಿನಿಯಮದಡಿ ನಿಷಿದ್ಧ.

“ಇಷ್ಟು ದಿನ ಸರಿಯಾಗಿ ಹಣ ಬಂದಿದೆ.” ಹೊಸಬರು ಸೇರುತ್ತಿರುವವರೆಗೆ ಬರುತ್ತದೆ. ಬೆಂಗಳೂರಿನ ಐ.ಎಂ.ಎ. ಸಂಸ್ಥೆಯ ಪ್ರಕರಣವನ್ನು ಇಲ್ಲಿ ನೆನೆಯಬಹುದು. ಅದು ಬಹುಹಂತದ ಮಾರಾಟವಲ್ಲ, ಹೂಡಿಕೆಯ ಹೆಸರಿನ ವಂಚನೆ. ವರ್ಷಗಳ ಕಾಲ ಪ್ರತಿ ತಿಂಗಳು ಹಣ ಬರುತ್ತಿತ್ತೆಂಬ ನಂಬಿಕೆಯ ಮೇಲೆ ಸಾವಿರಾರು ಕುಟುಂಬಗಳು ಹಣ ತೊಡಗಿಸಿದ್ದವು. 2019ರ ಜೂನ್‌ನಲ್ಲಿ ಸಂಸ್ಥೆ ಕುಸಿದಾಗ ದೂರು ಕೊಡಲು ಜನರು ಸಾಲುಗಟ್ಟಿ ನಿಂತರು. ನೆರೆಯ ಆಂಧ್ರಪ್ರದೇಶದ ಅಗ್ರಿಗೋಲ್ಡ್ ಸಮೂಹವೂ ಕಮಿಷನ್ ಏಜೆಂಟರ ಮೂಲಕ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಲಕ್ಷಾಂತರ ಜನರಿಂದ ಹಣ ಸಂಗ್ರಹಿಸಿತ್ತು. ಎರಡರಲ್ಲಿಯೂ ಜನ ನಂಬಿದ್ದು ಪರಿಚಯಸ್ಥರ ಮಾತನ್ನು.

“ಈ ಪುಡಿ ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ.” ಮಧುಮೇಹ ಮೊದಲಾದ ಕಾಯಿಲೆಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮದಡಿ ನಿಷಿದ್ಧ. ವೈದ್ಯರನ್ನು ಕೇಳದೆ ಮಾತ್ರೆಗಳನ್ನು ನಿಲ್ಲಿಸಬಾರದು.

9. ಬಂಧುಗಳೊಡನೆ ಮಾತನಾಡುವ ಬಗೆ

“ನೀವು ಮೋಸ ಮಾಡುತ್ತಿದ್ದೀರಿ” ಎಂದು ಆರಂಭಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವರಲ್ಲಿ ಹಲವರು ಸಂಪೂರ್ಣ ನಂಬಿಕೆಯಿಂದಲೇ ಸೇರಿರುತ್ತಾರೆ. ತಮ್ಮವರು ನಂಬಲಿಲ್ಲವೆಂಬ ನೋವು ಅವರನ್ನು ಆ ಗುಂಪಿಗೆ ಮತ್ತಷ್ಟು ಹತ್ತಿರ ಮಾಡಬಹುದು. ಸಭೆಗಳಲ್ಲಿ “ಮನೆಯವರು ವಿರೋಧಿಸುತ್ತಾರೆ, ಕಿವಿಗೊಡಬೇಡಿ” ಎಂದು ಮೊದಲೇ ಹೇಳಿಕೊಟ್ಟಿರುವುದೂ ಉಂಟು. ಆದುದರಿಂದ ಕೆಳಕಂಡ ಕ್ರಮ ಸೂಕ್ತ.

ಅ) ನಾಲ್ಕು ಜನರ ಮುಂದೆ, ಮದುವೆ ಮನೆಯಲ್ಲಿ ಅಥವಾ ಹಬ್ಬದ ದಿನ ಈ ವಿಷಯ ಎತ್ತಬಾರದು. ಅವರು ಗೌರವಿಸುವ ಹಿರಿಯರೊಬ್ಬರ ಸಮ್ಮುಖದಲ್ಲಿ ಕುಳಿತು ಮಾತನಾಡಬೇಕು.

ಆ) ಆರನೆಯ ಕಂಡಿಕೆಯ ಹಾಳೆಯನ್ನು ಅವರ ಕೈಯಿಂದಲೇ ಬರೆಸಬೇಕು. ತಾವೇ ಬರೆದ ಅಂಕಿಯನ್ನು ಯಾರೂ ಸುಲಭವಾಗಿ ಅಲ್ಲಗಳೆಯುವುದಿಲ್ಲ.

ಇ) “ಮುಂದಿನ ಮೂರು ತಿಂಗಳು ಯಾರನ್ನೂ ಸೇರಿಸದೆ, ಸರಕನ್ನು ಮಾತ್ರ ಹೊರಗೆ ಮಾರಿದರೆ ಎಷ್ಟು ಉಳಿಯುತ್ತದೆ?” ಎಂದು ಕೇಳಬೇಕು. ವ್ಯಾಪಾರವಾದರೆ ಏನಾದರೂ ಉಳಿಯುತ್ತದೆ.

ಈ) ಸಂಶಯ ಬಗೆಹರಿಯುವವರೆಗೆ ಹೊಸದಾಗಿ ಹಣ ಕಟ್ಟುವುದಿಲ್ಲ, ಸಾಲ ಮಾಡುವುದಿಲ್ಲ ಮತ್ತು ಬೇರೆಯವರನ್ನು ಸೇರಿಸುವುದಿಲ್ಲ ಎಂಬ ಮೂರು ಒಪ್ಪಂದಗಳಿಗೆ ಬರಬೇಕು. ಮೂರನೆಯದು ಅತಿ ಮುಖ್ಯ.

ಉ) ಸೇರಲು ಒಪ್ಪದಿದ್ದರೆ ಸ್ಪಷ್ಟವಾಗಿ ಹೇಳಬೇಕು. “ನೋಡೋಣ” ಎಂಬ ಮಾತನ್ನು ಒಪ್ಪಿಗೆಯೆಂದೇ ತಿಳಿಯಲಾಗುತ್ತದೆ. ಬಂಧುಗಳಿಗೆ ಕಷ್ಟವಿದ್ದು ಸಹಾಯ ಮಾಡಬೇಕೆನಿಸಿದರೆ, ಸದಸ್ಯತ್ವ ಪಡೆಯದೆ ಕೈಲಾದಷ್ಟು ಹಣವನ್ನು ಸಹಾಯವೆಂದೇ ಕೊಡುವುದು ಮೇಲು. ಆಗ ಸರಪಳಿ ಮುಂದುವರಿಯುವುದಿಲ್ಲ.

10. ಈಗಾಗಲೇ ಹಣ ಕಟ್ಟಿದ್ದಲ್ಲಿ ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಕರಾರಿನಲ್ಲಿರುವ ರದ್ದತಿ ಅವಧಿ ಮುಗಿದಿಲ್ಲವಾದರೆ ಕೂಡಲೇ ಲಿಖಿತವಾಗಿ ರದ್ದುಪಡಿಸಿ, ಸರಕು ಹಿಂದಿರುಗಿಸಿ ಹಣ ಕೇಳಬೇಕು. ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 48 ಕೆಲಸದ ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದ ಬಗ್ಗೆ ತಿಳಿಸಬೇಕು ಮತ್ತು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪರಿಹರಿಸಬೇಕು.

ಎರಡನೆಯದಾಗಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅನಧಿಕೃತವಾಗಿ ಠೇವಣಿ ಸಂಗ್ರಹಿಸುವವರ ವಿರುದ್ಧ ಭಾರತೀಯ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ಮೊಬೈಲ್ ಮೂಲಕ ಹಣ ಕಳುಹಿಸಿ ವಂಚನೆಗೊಳಗಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು.

ಮೂರನೆಯದಾಗಿ, ಅಪರಾಧದ ಅಂಶವಿದ್ದಲ್ಲಿ ಪೊಲೀಸ್ ಠಾಣೆಗೆ ದೂರು ನೀಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ, ಸಂಜ್ಞೇಯ ಅಪರಾಧವು ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ಅದರ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ಸಭೆ ನಡೆದದ್ದು ಬೆಂಗಳೂರು, ಹೊಸೂರು ಅಥವಾ ಮದನಪಲ್ಲಿಯಲ್ಲಾದರೂ ಮುಳಬಾಗಿಲು ಅಥವಾ ಶ್ರೀನಿವಾಸಪುರದ ನಿವಾಸಿಗಳು ತಮ್ಮ ಊರಿನ ಠಾಣೆಗೇ ಹೋಗಬಹುದು. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಲಿಖಿತವಾಗಿ ಅಂಚೆಯ ಮೂಲಕ ಕಳುಹಿಸಲು ಅವಕಾಶವಿದೆ.

ನಾಲ್ಕನೆಯದಾಗಿ, ಸರಕಿನ ದೋಷ ಅಥವಾ ಹಣ ಮರುಪಾವತಿಯ ವಿಷಯವಾದರೆ ಕೋಲಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಕಂಪನಿಯ ಕಛೇರಿ ಎಲ್ಲಿಯೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಲು 2019ರ ಅಧಿನಿಯಮ ಅನುವು ಮಾಡಿದೆ. ಕೊಟ್ಟ ಹಣವು ಐದು ಲಕ್ಷ ರೂಪಾಯಿಗಳವರೆಗೆ ಇದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಮರುಮಾರಾಟಕ್ಕಾಗಿ ಕೊಂಡವರನ್ನು ಸಾಮಾನ್ಯವಾಗಿ ಗ್ರಾಹಕರೆಂದು ಪರಿಗಣಿಸುವುದಿಲ್ಲವಾದುದರಿಂದ, ಸದಸ್ಯರಾಗಿ ಸೇರಿದ್ದವರು ದೂರು ಸಲ್ಲಿಸುವ ಮೊದಲು ಕಾನೂನು ಸಲಹೆ ಪಡೆಯುವುದು ಒಳಿತು.

ಐದನೆಯದಾಗಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಉಚಿತ ಕಾನೂನು ನೆರವು ದೊರೆಯುತ್ತದೆ. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ. ಸಹಾಯವಾಣಿ: 15100.

ಸಂಸ್ಥೆಯು ಠೇವಣಿ ಪಡೆದು ಮರುಪಾವತಿಸದಿದ್ದಲ್ಲಿ, ಕರ್ನಾಟಕ ಹಣಕಾಸು ಸಂಸ್ಥೆಗಳಲ್ಲಿ ಠೇವಣಿದಾರರ ಹಿತಾಸಕ್ತಿ ಸಂರಕ್ಷಣಾ ಅಧಿನಿಯಮ, 2004ರಂತೆ ಅದರ ಆಸ್ತಿಯನ್ನು ಜಪ್ತಿ ಮಾಡಿ ವಿಶೇಷ ನ್ಯಾಯಾಲಯದ ಮೂಲಕ ಠೇವಣಿದಾರರಿಗೆ ಹಂಚುವ ವ್ಯವಸ್ಥೆ ಇದೆ. ಜಪ್ತಿಯಾಗುವ ಆಸ್ತಿ ಕಟ್ಟಿದ ಹಣಕ್ಕಿಂತ ಕಡಿಮೆ ಇರುವ ಸಂಭವ ಹೆಚ್ಚು. ಆದುದರಿಂದ ತಡಮಾಡದೆ ದೂರು ನೀಡುವುದು ಅಗತ್ಯ.

11. ದೂರಿನೊಂದಿಗೆ ಇರಬೇಕಾದ ದಾಖಲೆಗಳು

(1) ಹಣ ಪಾವತಿಯ ರಶೀದಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಅಥವಾ ಮೊಬೈಲ್ ಪಾವತಿಯ ವಿವರ.
(2) ಕರಾರು, ಸದಸ್ಯತ್ವದ ಅರ್ಜಿ, ಐ.ಡಿ. ಸಂಖ್ಯೆ.
(3) ಯೋಜನೆಯ ಕರಪತ್ರ, ವಾಟ್ಸ್‌ಆ್ಯಪ್ ಸಂದೇಶ, ಸಭೆಯ ದಿನಾಂಕ ಮತ್ತು ಸ್ಥಳ.
(4) ಸರಕಿನ ಬಿಲ್ಲು ಮತ್ತು ಹೊದಿಕೆ. ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಮತ್ತು ವಿಳಾಸ ಇರುವ ಭಾಗವನ್ನು ಎಸೆಯಬಾರದು.
(5) ಪಡೆದ ಕಮಿಷನ್ನಿನ ವಿವರ. ಇದನ್ನು ಮುಚ್ಚಿಡಬಾರದು, ಮುಚ್ಚಿಟ್ಟಲ್ಲಿ ದೂರಿನ ವಿಶ್ವಾಸಾರ್ಹತೆ ಕಡಿಮೆಯಾಗುತ್ತದೆ.

ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬರುವ ಮೊದಲು ಸಂದೇಶಗಳ ಪ್ರತಿಯನ್ನು ತೆಗೆದಿಟ್ಟುಕೊಳ್ಳುವುದು ಸೂಕ್ತ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಣ ಕಟ್ಟಿದ್ದು ನನ್ನ ಅತ್ತಿಗೆಯ ಕೈಗೆ. ದೂರು ಕೊಟ್ಟರೆ ಅವರ ಮೇಲೆ ಪ್ರಕರಣವಾಗುತ್ತದೆಯೇ?
ಉತ್ತರ: ದೂರನ್ನು ಯೋಜನೆ ನಡೆಸುವ ಸಂಸ್ಥೆಯ ವಿರುದ್ಧ ನೀಡಿ, ಹಣ ಯಾರ ಮೂಲಕ ಹೋಯಿತೆಂಬುದನ್ನು ಇದ್ದದ್ದು ಇದ್ದಂತೆ ಬರೆಯಬೇಕು. ಪ್ರತಿಯೊಬ್ಬರ ಪಾತ್ರವನ್ನು ತನಿಖಾಧಿಕಾರಿ ನಿರ್ಧರಿಸುತ್ತಾರೆ. ಅವರೂ ಹಣ ಕಳೆದುಕೊಂಡಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ ದೂರು ನೀಡುವುದು ಉತ್ತಮ.

ಪ್ರಶ್ನೆ: ನನ್ನ ಹಣ ಬರುವವರೆಗೆ ಇನ್ನಿಬ್ಬರನ್ನು ಸೇರಿಸಿ ನಂತರ ಬಿಡಬಹುದೇ?
ಉತ್ತರ: ಕೂಡದು. ಆ ಇಬ್ಬರ ನಷ್ಟಕ್ಕೆ ತಾವು ಕಾರಣರಾಗುವುದಲ್ಲದೆ ಕಾನೂನಿನ ಕ್ರಮಕ್ಕೂ ಒಳಗಾಗಬೇಕಾಗಬಹುದು.

ಪ್ರಶ್ನೆ: ಎಲ್ಲ ಬಹುಹಂತದ ಮಾರಾಟವೂ ಅಕ್ರಮವೇ?
ಉತ್ತರ: ಅಲ್ಲ. 2021ರ ನಿಯಮಗಳನ್ನು ಪಾಲಿಸುವ, ಹೊರಗಿನ ಗ್ರಾಹಕರಿಗೆ ಸರಕು ಮಾರಿ ಅದರಿಂದ ಕಮಿಷನ್ ಕೊಡುವ ವ್ಯವಹಾರಕ್ಕೆ ಅವಕಾಶವಿದೆ. ಆದರೆ ಸಕ್ರಮವಾದ ವ್ಯವಹಾರದಲ್ಲಿಯೂ ಲಾಭ ಖಚಿತವಲ್ಲ. ಆರನೆಯ ಕಂಡಿಕೆಯ ಲೆಕ್ಕ ಅಲ್ಲಿಗೂ ಅನ್ವಯಿಸುತ್ತದೆ.

ವಿ.ಸೂ.: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಠ್ಯವೇ ಅಂತಿಮ. ಇಲ್ಲಿ ಉಲ್ಲೇಖಿಸಿರುವ ಕಂಪನಿಗಳ ಈಗಿನ ವ್ಯವಹಾರದ ಬಗ್ಗೆ ಈ ಪುಟವು ಯಾವುದೇ ಅಭಿಪ್ರಾಯ ನೀಡುವುದಿಲ್ಲ. ಸಂಶಯವಿದ್ದಲ್ಲಿ ಹಣ ಕಟ್ಟುವ ಮೊದಲೇ 1915 ಸಹಾಯವಾಣಿಯಲ್ಲಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿಕೊಳ್ಳಬೇಕಾಗಿ ಕೋರಲಾಗಿದೆ.